ಚಿತ್ರದಲ್ಲಿರುವ ಚಾಟಿಗೆ ಆಧಾರವೇನು?

ಶಾಲೆಯೊಂದರಲ್ಲಿ ಆರನೆಯ ತರಗತಿಯ ಮಕ್ಕಳು ಪ್ರಾಚೀನ ಈಜಿಪ್ಟಿನ ಚಿತ್ರಪುಸ್ತಕವೊಂದನ್ನು ಸುತ್ತುಗಟ್ಟಿ ನೋಡುತ್ತಿದ್ದರು. ಕಲ್ಲು ಎಳೆಯುವ ಗುಲಾಮರು, ಪಕ್ಕದಲ್ಲಿ ಚಾಟಿ ಹಿಡಿದ ಮೇಲ್ವಿಚಾರಕ. ಪಿರಮಿಡ್ ಕಟ್ಟಿದವರು ಯಾರು ಎಂದು ಕೇಳಿದೆ. "ಗುಲಾಮರು ಸಾರ್." ಹೇಗೆ ಗೊತ್ತು? "ಚಿತ್ರದಲ್ಲೇ ಇದೆಯಲ್ಲ ಸಾರ್!"

ಮಕ್ಕಳದು ತಪ್ಪಲ್ಲ. ಅಕ್ಷರವನ್ನು ಅನುಮಾನಿಸುವ ಮಗುವೂ ಚಿತ್ರವನ್ನು ನಂಬುತ್ತದೆ. ಆದರೆ ಚಿತ್ರಕಾರನೇನು ಅದನ್ನು ಕಣ್ಣಾರೆ ಕಂಡವನಲ್ಲ. ಸುಮಾರು 4,500 ವರ್ಷಗಳ ಹಿಂದಿನ ಸಂಗತಿಯದು.

ಗೀಝಾದಲ್ಲಿ ನಡೆದ ಉತ್ಖನನಗಳಲ್ಲಿ ಕೆಲಸಗಾರರ ಊರೇ ಸಿಕ್ಕಿದೆ. ರೊಟ್ಟಿ ಸುಡುತ್ತಿದ್ದ ಜಾಗಗಳು, ರಾಶಿ ರಾಶಿ ದನ ಕುರಿಗಳ ಮೂಳೆಗಳು ದೊರೆತಿವೆ. 1990ರಲ್ಲಿ ಪತ್ತೆಯಾದ ಕೆಲಸಗಾರರ ಸಮಾಧಿಗಳಲ್ಲಿ ಮುರಿದು ಮತ್ತೆ ಕೂಡಿಕೊಂಡ ಕೈಕಾಲಿನ ಮೂಳೆಗಳಿದ್ದವು. ಅಂದರೆ ಪೆಟ್ಟು ಬಿದ್ದವರಿಗೆ ಆರೈಕೆ ನಡೆದಿತ್ತು. 2013ರಲ್ಲಿ ಕೆಂಪು ಸಮುದ್ರದ ದಡದ ವಾದಿ ಅಲ್-ಜರ್ಫ್ ಎಂಬಲ್ಲಿ ಮೆರೆರ್ ಎಂಬ ಅಧಿಕಾರಿಯ ದಿನಚರಿ ದೊರೆಯಿತು. ತುರಾದ ಗಣಿಯಿಂದ ಗೀಝಾಕ್ಕೆ ದೋಣಿಯಲ್ಲಿ ಸುಣ್ಣದಕಲ್ಲು ಸಾಗಿಸಿದ ತಂಡದ ಲೆಕ್ಕ ಅದರಲ್ಲಿದೆ. ಎಲ್ಲರೂ ಇಷ್ಟಪಟ್ಟೇ ಬಂದಿದ್ದರೆಂದು ನಾನು ಹೇಳುತ್ತಿಲ್ಲ. ರಾಜಾಜ್ಞೆಯ ಕಡ್ಡಾಯ ದುಡಿಮೆಯೂ ಇದ್ದೀತು. ಆದರೆ ಗುಲಾಮರ ಹಿಂಡಿನ ಚಿತ್ರಕ್ಕೆ ಈ ಕುರುಹುಗಳು ಹೊಂದುವುದಿಲ್ಲ.

ನಮ್ಮ ಶಾಲೆಗಳಲ್ಲಿ ಗಾರೆ ಕೆಲಸದವರ, ಕಲ್ಲು ಒಡೆಯುವವರ ಮಕ್ಕಳು ಕೂರುತ್ತಾರೆ. ಕಟ್ಟಡ ಕಟ್ಟಿದವರೆಂದರೆ ಏಟು ತಿಂದ ಮೂಕರು ಎಂದು ಅವರಿಗೆ ತೋರಿಸುವುದಕ್ಕೂ, ತಂಡ ಕಟ್ಟಿಕೊಂಡು ಲೆಕ್ಕವಿಟ್ಟು ದುಡಿದವರು ಎಂದು ತೋರಿಸುವುದಕ್ಕೂ ವ್ಯತ್ಯಾಸವಿದೆ. ಆದ್ದರಿಂದ ಚಿತ್ರದ ಅಡಿಯಲ್ಲಿ 'ಇದು ಸಿಕ್ಕಿದ್ದು, ಇದು ಊಹೆ' ಎಂದು ಒಂದು ಸಾಲಾದರೂ ಇರುವ ಪುಸ್ತಕಗಳನ್ನೇ ಶಾಲೆಗಳಿಗೆ ಆರಿಸಬೇಕೆಂಬುದು ನನ್ನ ಅಭಿಪ್ರಾಯ. ಬಣ್ಣ ಕಡಿಮೆಯಿದ್ದರೂ ಚಿಂತೆಯಿಲ್ಲ. ಡೇವಿಡ್ ಮೆಕಾಲೆ 1975ರಲ್ಲಿ ರಚಿಸಿದ 'ಪಿರಮಿಡ್' ಪುಸ್ತಕದ ಚಿತ್ರಗಳು ಬರೀ ಕಪ್ಪುಬಿಳುಪು. ಆದರೂ ಕಲ್ಲು ಹೇಗೆ ಕಡಿದರು, ಹೇಗೆ ಏರಿಸಿದರು ಎಂದು ಹಂತ ಹಂತವಾಗಿ ತೋರಿಸುತ್ತವೆ.

ಇದು ಸಮಾಜ ವಿಜ್ಞಾನದ ಪಾಠವಲ್ಲವೇ ಎಂದು ಕೆಲವು ಶಿಕ್ಷಕ ಮಿತ್ರರು ಕೇಳುತ್ತಾರೆ. ಅಲ್ಲವೆನ್ನಲು ಒಂದು ಉದಾಹರಣೆ ಸಾಕು. ಜೆಹುತಿಹೊತೆಪ್ ಎಂಬ ಈಜಿಪ್ಟಿನ ಅಧಿಕಾರಿಯ ಸಮಾಧಿಯಲ್ಲಿ, ಪಿರಮಿಡ್‌ಗಿಂತ ಹಲವು ಶತಮಾನ ಈಚಿನ ಭಿತ್ತಿಚಿತ್ರವೊಂದಿದೆ. ಸಾಲುಸಾಲು ಜನ ಭಾರೀ ವಿಗ್ರಹವನ್ನು ಜಾರುಬಂಡಿಯ ಮೇಲೆ ಎಳೆಯುತ್ತಿದ್ದಾರೆ. ಬಂಡಿಯ ಮುಂಭಾಗದಲ್ಲಿ ನಿಂತ ಒಬ್ಬ ನೆಲಕ್ಕೆ ನೀರು ಸುರಿಯುತ್ತಿದ್ದಾನೆ. ಅದು ಪೂಜೆಯ ವಿಧಿ ಎಂದೇ ಬಹುಕಾಲ ಭಾವಿಸಲಾಗಿತ್ತು. 2014ರಲ್ಲಿ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಪ್ರಯೋಗ ಮಾಡಿ ನೋಡಿದರು. ಹದವಾಗಿ ನೆನೆದ ಮರಳಿನ ಮೇಲೆ ಎಳೆಯಲು ಒಣ ಮರಳಿನಲ್ಲಿ ಬೇಕಾಗುವುದರ ಅರ್ಧದಷ್ಟು ಬಲ ಸಾಕು!

ಇದನ್ನು ತರಗತಿಯಲ್ಲೇ ಮಾಡಬಹುದು. ಅಗಲವಾದ ತಟ್ಟೆಯಲ್ಲಿ ಒಣ ಮರಳು ಹರಡಿ. ಸೋಪಿನ ಡಬ್ಬಿಗೆ ಕಲ್ಲು ತುಂಬಿ, ದಾರ ಕಟ್ಟಿ, ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ. ಡಬ್ಬಿಯ ಮುಂದೆ ಮರಳು ಗುಡ್ಡೆಯಾಗಿ ತಡೆಯುತ್ತದೆ. ಸ್ವಲ್ಪ ನೀರು ಚಿಮುಕಿಸಿ ಕಲೆಸಿ ಮತ್ತೆ ಎಳೆಯಿರಿ. ಕಣಗಳು ಒಂದಕ್ಕೊಂದು ಅಂಟಿ ನೆಲ ಬಿಗಿಯಾಗಿರುತ್ತದೆ. ನೀರು ಹೆಚ್ಚಾದರೆ ಪ್ರಯೋಜನವಿಲ್ಲ. ಎಷ್ಟು ಲೋಟಕ್ಕೆ ಹದ ಎಂಬುದನ್ನು ಮಕ್ಕಳೇ ಕಂಡುಕೊಳ್ಳಲಿ, ನಾವು ಬಾಯಿ ಮುಚ್ಚಿಕೊಂಡಿರೋಣ.

ಆ ಶಾಲೆಗೆ ಮತ್ತೆ ಹೋದಾಗ ಪುಸ್ತಕ ತೆಗೆದು ನೋಡಿದೆ. ಚಾಟಿ ಹಿಡಿದವನ ತಲೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಮುಖ್ಯೋಪಾಧ್ಯಾಯರು ಅಳಿಸಲು ರಬ್ಬರ್ ಹುಡುಕುತ್ತಿದ್ದರು. ಬೇಡ, ಹಾಗೇ ಇರಲಿ ಎಂದೆ.