ಬಿಂದುಮೋಡದ ಸಂಕೋಚನ: ಟೆಂಡರಿನಲ್ಲೇ ಇತ್ಯರ್ಥವಾಗಲಿ
ನಾರಾಯಣಪುರ ಬಲದಂಡೆ ಕಾಲುವೆಯ ನೀರುಣ್ಣುವ ದೇವದುರ್ಗ, ಅರಕೇರಾ ಸೀಮೆಯ ಕಾಮಗಾರಿಗಳಲ್ಲಿ ಮಣ್ಣಿನ ಲೆಕ್ಕವೇ ಬಿಲ್ಲಿನ ಜೀವಾಳ. ಡ್ರೋನ್ ಸಮೀಕ್ಷೆಯು ನೆಲವನ್ನು ಕೋಟ್ಯಂತರ ಬಿಂದುಗಳಾಗಿ ದಾಖಲಿಸುತ್ತದೆ. ಲಾಸ್ ಕಡತದಲ್ಲಿ ಬಿಂದುವೊಂದಕ್ಕೆ ಕನಿಷ್ಠ 20 ಬೈಟ್. 5 ಕೋಟಿ ಬಿಂದುಗಳಿಗೆ 100 ಕೋಟಿ. ಸಂಕೋಚಿಸದೆ ಗತ್ಯಂತರವಿಲ್ಲ.

ಮುಕ್ತವಾದ ಲಾಜ್ ವಿನ್ಯಾಸವು ಕಡತವನ್ನು ಬಹುಮಟ್ಟಿಗೆ ಕಾಲುಭಾಗಕ್ಕೆ ಇಳಿಸಿದರೂ ಒಂದು ಬಿಂದುವನ್ನೂ ಕದಲಿಸದು. 2023ರಲ್ಲಿ ಪ್ರಕಟವಾದ ಎಂಪೆಗ್‌ನ ಜಿ-ಪಿಸಿಸಿ ಮಾನಕವಾದರೋ ನಷ್ಟರಹಿತ, ನಷ್ಟಸಹಿತ ಎರಡಕ್ಕೂ ಎಡೆಗೊಡುತ್ತದೆ. ಎರಡನೆಯದು ಪರದೆಯ ಚಿತ್ರಕ್ಕೆ ಸಾಕು, ಅಳತೆಗೆ ಸಲ್ಲದು. ಹೆಕ್ಟೇರಿನ ಮೇಲ್ಮೈ ಸರಾಸರಿ 2 ಸೆಂಟಿಮೀಟರ್ ಏರುಪೇರಾದರೆ 200 ಘನಮೀಟರ್ ಮಣ್ಣಿನ ವ್ಯತ್ಯಾಸ. ಆ ನಷ್ಟ ಗುತ್ತಿಗೆದಾರನದು, ಇಲ್ಲವೇ ಬೊಕ್ಕಸದ್ದು.

ಆದಕಾರಣ ಟೆಂಡರ್ ಷರತ್ತಿನಲ್ಲಿ ಬರಿದೇ ‘ಡಿಜಿಟಲ್ ಪ್ರತಿ’ ಎನ್ನದೆ, ಮೂಲ ದತ್ತಾಂಶವನ್ನು ನಷ್ಟರಹಿತ ಮುಕ್ತ ವಿನ್ಯಾಸದಲ್ಲಿ ಉಭಯ ಪಕ್ಷಗಳಿಗೂ ಒಪ್ಪಿಸಬೇಕೆಂದು ನಮೂದಿಸುವುದು ಅವಶ್ಯ.