ಹತ್ತು ನಿಮಿಷದ ಮಾತುಕತೆ

ಬೇಮಳಖೇಡದಲ್ಲಿ ಹುಮನಾಬಾದ್ ಬಸ್ಸಿಗೆ ಕಾಯುವವರನ್ನು ನೆನಪಿಸಿಕೊಳ್ಳಿ. ಚೀಲ ಕಟ್ಟಿಕೊಂಡು ಸಿದ್ಧರಾಗಿ ನಿಂತವರು ಹತ್ತಿಬಿಡುತ್ತಾರೆ. ಬಸ್ಸು ಕಂಡ ಮೇಲೆ ಚೀಲ ತರಲು ಮನೆಗೆ ಓಡಿದವರು ಊರಲ್ಲೇ ಉಳಿಯುತ್ತಾರೆ. ಆಕಾಶದಲ್ಲಿ ಸುತ್ತುವ ಪುಟ್ಟ ಉಪಗ್ರಹಗಳ ಪಾಡೂ ಹೀಗೆಯೇ.

2010ರ ಜುಲೈ 12ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ15 ರಾಕೆಟ್ಟಿನಲ್ಲಿ ಹಾರಿದ ‘ಸ್ಟಡ್‌ಸ್ಯಾಟ್’ ಅಂಥದೊಂದು ಉಪಗ್ರಹ. ಅದರ ತೂಕ ಒಂದು ಕಿಲೋಗ್ರಾಮಿಗೂ ಕಡಿಮೆ. ಅದನ್ನು ಕಟ್ಟಿದವರು ಕರ್ನಾಟಕ ಮತ್ತು ಅಂದಿನ ಆಂಧ್ರಪ್ರದೇಶದ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು. ಅದರ ಸಂದೇಶ ಪಡೆಯಲು ಬೆಂಗಳೂರಿನ ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ಕಾಲೇಜಿನಲ್ಲಿ ಭೂಕೇಂದ್ರ ಸಿದ್ಧವಾಯಿತು.

ಸುಮಾರು 630 ಕಿ.ಮೀ. ಎತ್ತರದ ಉಪಗ್ರಹ ಸೆಕೆಂಡಿಗೆ ಏಳೂವರೆ ಕಿ.ಮೀ. ವೇಗದಲ್ಲಿ ಓಡುತ್ತದೆ, 97 ನಿಮಿಷಕ್ಕೆ ಭೂಮಿಯನ್ನು ಒಂದು ಸುತ್ತು ಹಾಕುತ್ತದೆ. ಅದು ದಿಗಂತದ ಕೆಳಗಿಳಿದರೆ ರೇಡಿಯೋ ಸಂಪರ್ಕ ಕಡಿದಂತೆಯೇ. ಒಂದು ಸಲ ಹಾದುಹೋಗುವಾಗ ಮಾತಿಗೆ ಸಿಗುವುದು ಹತ್ತು ನಿಮಿಷ. ಇಂಥ ಉಪಗ್ರಹಗಳಲ್ಲಿ ಸೆಕೆಂಡಿಗೆ 9,600 ಬಿಟ್ ವೇಗ ಸಾಮಾನ್ಯ. ಲೆಕ್ಕ ಹಾಕಿ: ಹತ್ತು ನಿಮಿಷಕ್ಕೆ 7,20,000 ಬೈಟ್. ಇಂದಿನ ಮೊಬೈಲಿನ ಒಂದು ಫೋಟೊಕ್ಕೂ ಇದು ಸಾಲದು!

ಹಾಗಾದರೆ ಒಳಗಿನ ಪುಟ್ಟ ಗಣಕ ಏನು ಮಾಡಬೇಕು? ಮಾಹಿತಿಯನ್ನು ಮೊದಲೇ ಸಣ್ಣ ಸಣ್ಣ ಕಟ್ಟುಗಳಾಗಿ ಮಾಡಿ, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಹಾಕಿಡಬೇಕು. ಜೊತೆಗೆ ತಾಳೆ ನೋಡಲು ಒಂದು ಮೊತ್ತ. 12, 7, 31 ಎಂಬ ಅಂಕಿಗಳೊಂದಿಗೆ 50 ಎಂದೂ ಕಳಿಸಿದರೆ, ಕೂಡಿ ನೋಡಿದವರಿಗೆ ತಪ್ಪಿದ್ದರೆ ಗೊತ್ತಾಗುತ್ತದೆ. ‘ತಲುಪಿತು’ ಎಂಬ ಉತ್ತರ ಬರುವವರೆಗೆ ಆ ಕಟ್ಟನ್ನು ಅಳಿಸಬಾರದು. ಉತ್ತರ ಬಾರದಿದ್ದರೆ ಕಾಯುತ್ತಲೇ ಕೂತು ಬ್ಯಾಟರಿ ಬರಿದು ಮಾಡಲೂಬಾರದು. ನಿಂತದ್ದೆಲ್ಲಿ ಎಂದು ಗುರುತಿಟ್ಟುಕೊಂಡು ಮುಂದಿನ ಸುತ್ತಿನಲ್ಲಿ ಅಲ್ಲಿಂದಲೇ ಶುರುಮಾಡಬೇಕು.

ಇಲ್ಲೊಂದು ತೊಡಕಿದೆ. ಕಟ್ಟು ತಲುಪಿದರೂ ‘ತಲುಪಿತು’ ಎಂಬ ಉತ್ತರವೇ ದಾರಿಯಲ್ಲಿ ಕಳೆದುಹೋದರೆ? ಯಂತ್ರ ಅದನ್ನೇ ಮತ್ತೆ ಕಳಿಸುತ್ತದೆ. ಆಗ ಕಾಪಾಡುವುದು ಕ್ರಮಸಂಖ್ಯೆ. ಒಮ್ಮೆ ಬಂದ ಸಂಖ್ಯೆ ಮತ್ತೆ ಬಂದರೆ ಲೆಕ್ಕಕ್ಕಿಲ್ಲ.

ಈ ಪಾಠ ಆಕಾಶಕ್ಕಷ್ಟೇ ಸೀಮಿತವಲ್ಲ. ಬಸ್ ಕಂಡಕ್ಟರ ಕೈಯ ಟಿಕೆಟ್ ಯಂತ್ರವನ್ನೇ ನೋಡಿ. ನೆಟ್‌ವರ್ಕ್ ಸಿಗದ ದಾರಿಯಲ್ಲೂ ಅದು ಟಿಕೆಟ್ ಕೊಡಬೇಕು. ಲೆಕ್ಕವನ್ನು ಒಳಗೇ ಜೋಪಾನವಾಗಿಟ್ಟು, ಸಂಪರ್ಕ ಸಿಕ್ಕಾಗ ಒಪ್ಪಿಸಬೇಕು. ಟಿಕೆಟ್ಟಿಗೆ ಸಂಖ್ಯೆ ಇಲ್ಲದಿದ್ದರೆ ಒಂದೇ ಹಣ ಎರಡು ಸಲ ಲೆಕ್ಕಕ್ಕೆ ಬಂದು, ತುಂಬಿಕೊಡುವ ಹೊರೆ ಕಂಡಕ್ಟರ ಮೇಲೆ ಬಿದ್ದೀತು.

ಮನೆಯಲ್ಲಿ ಮಾಡಿ ನೋಡಿ: ಪಾಠದ ಇಪ್ಪತ್ತು ಸಾಲುಗಳನ್ನು ಅಣ್ಣ ಓದಲಿ, ತಂಗಿ ಬರೆದುಕೊಳ್ಳಲಿ. ಪ್ರತಿ ಸಲ ಒಂದೇ ನಿಮಿಷ ಅವಕಾಶ. ನಡುನಡುವೆ ತಾಯಿ ಚಪ್ಪಾಳೆ ತಟ್ಟಿ ಸದ್ದು ಮಾಡಲಿ. ಮೊದಲು ಸಾಲುಗಳಿಗೆ ಸಂಖ್ಯೆ ಇಲ್ಲದೆ, ಆಮೇಲೆ ಸಂಖ್ಯೆ ಹಾಕಿ ಆಡಿ. ಯಾವ ಸಲ ಸಾಲು ತಪ್ಪಲಿಲ್ಲ, ಯಾವ ಸಲ ಬರೆದದ್ದನ್ನೇ ಬರೆಯಬೇಕಾಯಿತು ಎಂದು ತಾಳೆ ಹಾಕಿ. ಸಂಪರ್ಕ ಗಟ್ಟಿಯಿಲ್ಲದಿದ್ದರೂ ಕೆಲಸ ಕೆಡದಿರುವುದು ಹೇಗೆಂದು ನಿಮಗೇ ತಿಳಿಯುತ್ತದೆ.