ನೂರಕ್ಕೆ ಆರು ರೂಪಾಯಿ

ಮನೆಯ ಅಥವಾ ಅಂಗಡಿಯ ಕಂದಾಯ ಕಟ್ಟಿದ ರಸೀದಿಯನ್ನು ಓದುಗ ಬಾಂಧವರು ಪೆಟ್ಟಿಗೆಯಿಂದ ಒಮ್ಮೆ ಹೊರತೆಗೆದು ನೋಡಬೇಕೆಂದು ಕೋರುತ್ತೇವೆ. ಅಸಲು ತೆರಿಗೆಯ ಕೆಳಗೆ ಆರೋಗ್ಯ ಕರ, ಭಿಕ್ಷುಕರ ಕರ ಎಂದು ಬರೆದಿರುವ ಸಾಲುಗಳ ಜೊತೆಯಲ್ಲೇ ಗ್ರಂಥಾಲಯ ಕರ ಎಂಬ ಸಾಲೂ ಇದೆ. ನೂರು ರೂಪಾಯಿ ತೆರಿಗೆಗೆ ಆರು ರೂಪಾಯಿ. ಇದನ್ನು ಯಾರೂ ಬೇಡಿ ಪಡೆಯುತ್ತಿಲ್ಲ, ಕಾನೂನಿನ ಬಲದಿಂದ ವಸೂಲು ಮಾಡುತ್ತಾರೆ. ಕಿರಾಣಿ ಅಂಗಡಿಯವನು ನೇರವಾಗಿ ಕೊಡುತ್ತಾನೆ. ಬಾಡಿಗೆ ಮನೆಯಲ್ಲಿರುವ ಮಿಲ್ಲಿನ ಹಮಾಲಿ ಬಾಡಿಗೆಯೊಳಗೆ ಸೇರಿಸಿ ಕೊಡುತ್ತಾನೆ. ಹೀಗೆ ಕೊಟ್ಟವರಲ್ಲಿ ಎಷ್ಟು ಮಂದಿ ತಮ್ಮ ಊರಿನ ಗ್ರಂಥಾಲಯದ ಹೊಸ್ತಿಲು ತುಳಿದಿದ್ದಾರೆ?

ಈ ಕರದ ಹುಟ್ಟು 1965ರ ಸಾರ್ವಜನಿಕ ಗ್ರಂಥಾಲಯ ಕಾನೂನಿನಲ್ಲಿದೆ. ಮೈಸೂರು ಸರ್ಕಾರ ಅದನ್ನು 1966ರ ಏಪ್ರಿಲ್ 1ರಿಂದ ಜಾರಿಗೆ ತಂದಿತು. ಮದರಾಸು ಪ್ರಾಂತ್ಯ 1948ರಲ್ಲೇ ಇಂಥ ಕಾನೂನನ್ನು ಮಾಡಿತ್ತು. ಓದು ಧನಿಕನ ದಾನದಿಂದ ನಡೆಯತಕ್ಕದ್ದಲ್ಲ, ಜನರ ತೆರಿಗೆಯಿಂದ ಜನರ ಹಕ್ಕಾಗಿ ನಡೆಯಬೇಕು ಎಂಬುದು ಅದರ ತಿರುಳು. ಗ್ರಂಥಾಲಯ ಶಾಸ್ತ್ರಕ್ಕೆ ಬುನಾದಿ ಹಾಕಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲೇ ಕಳೆದ ಎಸ್. ಆರ್. ರಂಗನಾಥನ್ ಅವರು ಇದಕ್ಕಾಗಿಯೇ ಆಯುಷ್ಯ ಸವೆಸಿದರು. ಪುಸ್ತಕವಿರುವುದು ಕಪಾಟಿನಲ್ಲಿ ಕಾಪಾಡಲಿಕ್ಕಲ್ಲ, ಬಳಸಲಿಕ್ಕೆ ಎಂಬುದೇ ಅವರು 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಮೊದಲನೆಯದು.

ಬಳಕೆ ಹೇಗಿದೆಯೆಂದು ನೋಡಲು ಕಳೆದ ತಿಂಗಳು ಶಿಕಾರಿಪುರ, ಸೊರಬ ತಾಲ್ಲೂಕುಗಳ ಕೆಲವು ಊರುಗಳನ್ನು ಸುತ್ತಿದೆವು. ಒಂದು ಊರಿನಲ್ಲಿ ಸಂಜೆ ಏಳಕ್ಕೆ ಹೋದಾಗ ಬಾಗಿಲಿಗೆ ಬೀಗ. ಅದರ ಕಟ್ಟೆಯ ಮೇಲೆ ಅಕ್ಕಿ ಮಿಲ್ಲಿನಿಂದ ಬಂದ ನಾಲ್ವರು ಹಮಾಲಿಗಳು ತೌಡಿನ ಧೂಳು ಕೊಡವಿಕೊಳ್ಳುತ್ತಾ ಕುಳಿತಿದ್ದರು. “ಮೇಷ್ಟ್ರೇ, ನಾವು ಬರೋ ಹೊತ್ತಿಗೆ ಬೀಗ, ಬೀಗ ತೆಗೆಯೋ ಹೊತ್ತಿಗೆ ನಾವು ಮಿಲ್ಲಲ್ಲಿ” ಎಂದು ಅವರಲ್ಲಿ ಹಿರಿಯನೊಬ್ಬ ನಕ್ಕ. ಗ್ರಂಥಾಲಯದ ವೇಳೆಯನ್ನು ಗೊತ್ತುಮಾಡಿದವರು ಹಗಲು ಬಿಡುವಿರುವವರನ್ನೇ ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ತೋರುತ್ತದೆ. ದುಡಿಯುವವನಿಗೆ ಓದಿನ ಹಂಬಲವಿಲ್ಲವೆಂದು ದೂರುವ ಮಹನೀಯರು ಆ ಕಟ್ಟೆಯ ಮೇಲೆ ಒಂದು ಸಂಜೆ ಕುಳಿತು ಬರಲಿ.

ಓದೆಂದರೆ ಕಥೆ ಕಾದಂಬರಿ ಮಾತ್ರವೆಂದು ತಿಳಿಯಬಾರದು. ನಮ್ಮ ಜಿಲ್ಲೆಯ ಗೇಣಿದಾರನಿಗೆ ಓದಿನ ಬೆಲೆ ಎಷ್ಟೆಂದು ಎರಡು ಸಲ ತಿಳಿದಿದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಎದ್ದ ಪ್ರಶ್ನೆ ಗೇಣಿ ಅಳೆಯುವ ಕೊಳಗದ್ದು. ಅಳತೆ ಕೇಳಿದ ಒಕ್ಕಲನ್ನು ನೆಲದಿಂದ ಎಬ್ಬಿಸಿದರು. ಬೆಂಬಲಕ್ಕೆ ಬಂದ ಲೋಹಿಯಾ ಅವರನ್ನು ಬಂಧಿಸಿದರು. ಆ ಹೋರಾಟದ ಫಲ 1974ರ ಭೂಸುಧಾರಣೆಯ ರೂಪದಲ್ಲಿ ಬಂದಾಗ ಉಳುವವನು ಫಾರಂ 7ರಲ್ಲಿ ಅರ್ಜಿ ಬರೆದು ಭೂನ್ಯಾಯ ಮಂಡಳಿಗೆ ಕೊಡಬೇಕಾಯಿತು. ಕೊನೆಯ ಗಡುವು 1979ರ ಜೂನ್ 30. ಓದು ಬಲ್ಲ ಮಗನಿದ್ದವನು, ಬರೆದುಕೊಡುವ ಕಾರ್ಯಕರ್ತ ಸಿಕ್ಕವನು ಭೂಮಿಯ ಒಡೆಯನಾದ. ಧಣಿಯ ಗುಮಾಸ್ತನ ಮಾತು ನಂಬಿ ಸುಮ್ಮನಿದ್ದವನು ಇಂದಿಗೂ ಬೇರೆಯವರ ತೋಟದಲ್ಲಿ ಕೂಲಿ. ಅರ್ಜಿ ಒಂದು ಹಾಳೆ. ಅದನ್ನು ಓದಿ ಹೇಳುವವರು ಊರಿನಲ್ಲಿ ಇಲ್ಲದೆ ಹೋದದ್ದರಿಂದ ಎರಡು ತಲೆಮಾರಿನ ಬದುಕು ಹೋಯಿತು.

ಇದು ಹಳೆಯ ಕಥೆಯೆನ್ನುವ ವ್ಯಾಪಾರಿ ಬಂಧುಗಳು 2025ರ ಜುಲೈ ತಿಂಗಳನ್ನು ನೆನೆಯಬೇಕು. ಮೊಬೈಲಿನಲ್ಲಿ ಜಮೆಯಾದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ಅಂಗಡಿಗಳಿಗೆ ನೋಟೀಸು ಕಳುಹಿಸಿತು. ನೆರೆಯ ಹಾವೇರಿಯಲ್ಲಿ ತರಕಾರಿ ಮಾರುವವನಿಗೂ ನೋಟೀಸು ಹೋಯಿತು. ಹೆದರಿದ ಅಂಗಡಿಗಳವರು ಕ್ಯೂಆರ್ ಹಲಗೆಯನ್ನು ಕಿತ್ತಿಟ್ಟು ನಗದು ಮಾತ್ರ ಎಂದು ಬರೆದರು. ಹಾಲು, ಹಸಿ ತರಕಾರಿ, ಹಣ್ಣುಗಳಿಗೆ ತೆರಿಗೆಯೇ ಇಲ್ಲವೆಂಬುದು, ಸರಕು ಮಾರುವವನು ವರ್ಷಕ್ಕೆ 40 ಲಕ್ಷದವರೆಗೆ ನೋಂದಣಿ ಮಾಡಿಸಬೇಕಿಲ್ಲವೆಂಬುದು ಎಷ್ಟು ಅಂಗಡಿಯವರಿಗೆ ಮೊದಲೇ ತಿಳಿದಿತ್ತು? ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂದು ಮುಖ್ಯಮಂತ್ರಿಗಳೇ ಹೇಳಬೇಕಾಗಿ ಬರುವಷ್ಟರಲ್ಲಿ ಎಷ್ಟೋ ಮಂದಿ ಆಡಿಟರ ಬಾಗಿಲಲ್ಲಿ ದುಡ್ಡು ಸುರಿದಾಗಿತ್ತು. ಗ್ರಂಥಾಲಯ ಕರ ಕಟ್ಟಿದವನಿಗೆ ಗ್ರಂಥಾಲಯದಲ್ಲಿ ಆ ನಿಯಮವನ್ನು ಕನ್ನಡದಲ್ಲಿ ತೋರಿಸಿ ವಿವರಿಸುವ ಒಬ್ಬರಿದ್ದಿದ್ದರೆ ಸಾಕಿತ್ತು.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳಿದರೆ ಸುಳ್ಳಾದೀತು. 2019ರಲ್ಲಿ ಐದೂವರೆ ಸಾವಿರಕ್ಕೂ ಹೆಚ್ಚು ಗ್ರಾಮ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಒಪ್ಪಿಸಲಾಯಿತು. 2020ರ ನವೆಂಬರ್ 14ರಂದು “ಓದುವ ಬೆಳಕು” ಎಂಬ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಸಾಂಕ್ರಾಮಿಕದ ಕಾಲದಲ್ಲಿ ಶಾಲೆ ಮುಚ್ಚಿದ್ದಾಗ ಅದರಿಂದ ಆದ ಉಪಕಾರ ಸಣ್ಣದಲ್ಲ. ಈಗ ಅವುಗಳಿಗೆ ಅರಿವು ಕೇಂದ್ರವೆಂದು ಹೆಸರು. ಗೋಡೆಗೆ ಬಣ್ಣ ಬಂದಿದೆ, ಹಲವು ಕಡೆ ಕಂಪ್ಯೂಟರೂ ಬಂದಿದೆ. ಆದರೆ ಮಕ್ಕಳನ್ನು ಕರೆದ ಸರ್ಕಾರ ಅವರ ತಂದೆತಾಯಿಯರನ್ನು ಮರೆಯಿತು. ಅದಕ್ಕಿಂತ ಹೆಚ್ಚಾಗಿ, ಆ ಮನೆಯ ದೀಪ ಹಚ್ಚುವವರನ್ನು ಮರೆಯಿತು.

ಅವರಿಗೆ ಗ್ರಂಥಪಾಲಕರೆಂಬ ಹೆಸರೂ ಇಲ್ಲ, ಮೇಲ್ವಿಚಾರಕರು ಎನ್ನುತ್ತಾರೆ. ವರ್ಷಗಳ ಕಾಲ ಗೌರವಧನವೆಂಬ ಅಗೌರವದ ಹಣದಲ್ಲಿ ದುಡಿದವರು ಇವರು. ಸೊರಬದ ಕಡೆಯ ಒಬ್ಬ ಮೇಲ್ವಿಚಾರಕಿ ನಮ್ಮೊಡನೆ ಹೇಳಿದ ಮಾತು ಇದು: “ಪುಸ್ತಕ ಕೊಟ್ಟರು ಸಾರ್, ಕಂಪ್ಯೂಟರ್ ಕೊಟ್ಟರು. ಜನರನ್ನ ಹೇಗೆ ಕರೀಬೇಕು, ಬಂದೋರ ಹತ್ರ ಏನು ಮಾತಾಡಬೇಕು ಅಂತ ಮಾತ್ರ ನಾವೇ ತಡಕಾಡ್ತಾ ಇದೀವಿ.” ಆಕೆ ಯಾರೂ ಹೇಳದಿದ್ದರೂ ವಾರಕ್ಕೊಮ್ಮೆ ಚೀಲದಲ್ಲಿ ಪುಸ್ತಕ ತುಂಬಿಕೊಂಡು ಸ್ತ್ರೀಶಕ್ತಿ ಸಂಘದ ಸಭೆಗೆ ಹೋಗುತ್ತಾರೆ. ಹೋದ ಆಟೋ ಬಾಡಿಗೆ ಅವರ ಕೈಯಿಂದಲೇ.

ಗ್ರಂಥಾಲಯ ಜನರ ಬಳಿಗೆ ಹೋಗಬೇಕೆಂಬುದು ಹೊಸ ಮಾತಲ್ಲ. ತಂಜಾವೂರು ಜಿಲ್ಲೆಯ ಮನ್ನಾರ್ಗುಡಿಯಲ್ಲಿ 1931ರಲ್ಲೇ ಎತ್ತಿನ ಗಾಡಿಯಲ್ಲಿ ಪುಸ್ತಕ ಹೇರಿಕೊಂಡು ಹಳ್ಳಿ ಹಳ್ಳಿ ತಿರುಗಿಸಿದರು. ಕೇರಳದಲ್ಲಿ ಪಿ. ಎನ್. ಪಣಿಕ್ಕರ್ ಎಂಬ ಶಾಲಾ ಮೇಷ್ಟ್ರು 1945ರಲ್ಲಿ 47 ಗ್ರಂಥಾಲಯಗಳನ್ನು ಕೂಡಿಸಿ ಕಟ್ಟಿದ ಸಂಘ ಸಾವಿರಾರು ಊರುಗಳಿಗೆ ಹಬ್ಬಿತು. ನಮ್ಮ ಮಿಲ್ಲಿನ ಬಂಧುಗಳು ಗಮನಿಸಬೇಕಾದದ್ದು ಕಣ್ಣೂರಿನ ಬೀಡಿ ಕಾರ್ಮಿಕರನ್ನು. ಒಬ್ಬ ಗಟ್ಟಿಯಾಗಿ ಪತ್ರಿಕೆ ಓದುವನು, ಉಳಿದವರು ಬೀಡಿ ಕಟ್ಟುತ್ತಾ ಕೇಳುವರು. ಓದಿದವನ ಕೂಲಿ ಕಡಿಮೆಯಾಗದಂತೆ ಪ್ರತಿಯೊಬ್ಬನೂ ತನ್ನ ಪಾಲಿನಿಂದ ಒಂದಿಷ್ಟು ಬೀಡಿ ಅವನಿಗೆ ಕೊಡುವನು. ದೂರದ ಕ್ಯೂಬಾದ ಚುಟ್ಟದ ಕಾರ್ಖಾನೆಗಳಲ್ಲಿ 1865ರ ಸುಮಾರಿಗೆ ಇದೇ ಪದ್ಧತಿ ಆರಂಭವಾಯಿತು. ಅಕ್ಷರ ಬಾರದವನೂ ಅಲ್ಲಿ ಓದುಗನೇ. ಅಕ್ಕಿ ಮಿಲ್ಲಿನ ಸದ್ದಿನಲ್ಲಿ ಇದು ಆಗದು, ನಿಜ. ಊಟದ ಬಿಡುವಿನಲ್ಲಿ ಆಗುತ್ತದೆ.

ನಾವು ಕೇಳುವುದು ಆಗದ ಹೋಗದ ಮಾತಲ್ಲ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆಂದೇ ಒಂದು ವಿಭಾಗವಿದೆ. ಅದರ ವಿದ್ವಾಂಸರು ಬೇಸಿಗೆ ರಜೆಯಲ್ಲಿ ಎರಡು ವಾರ ಶಿಕಾರಿಪುರದಲ್ಲೋ ಸೊರಬದಲ್ಲೋ ಕುಳಿತು ಈ ಎರಡು ತಾಲ್ಲೂಕಿನ ಮೇಲ್ವಿಚಾರಕರಿಗೆ ತರಬೇತಿ ಕೊಡಲಿ. ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆ ಪಂಚಾಯಿತಿ ಸದಸ್ಯರನ್ನು ತಯಾರು ಮಾಡುತ್ತದೆ. ಅದು ಇವರನ್ನೂ ಕರೆಯಲಿ. ದಾಖಲೆ ಪುಸ್ತಕ ಬರೆಯುವುದಷ್ಟನ್ನೇ ಕಲಿಸಿದರೆ ಸಾಲದು. ಬಗರ್ ಹುಕುಂ ಅರ್ಜಿ, ಕಾರ್ಮಿಕರ ಭವಿಷ್ಯನಿಧಿಯ ಲೆಕ್ಕ, ಕನಿಷ್ಠ ವೇತನದ ಆದೇಶ ಇವನ್ನು ಓದಿ ತಿಳಿಸುವುದನ್ನೂ, ಸಂತೆಯ ದಿನ ಒಂದು ಮೇಜು ಹಾಕಿ ಕುಳಿತು ಬಂದವನ ಕಷ್ಟಕ್ಕೆ ತಕ್ಕ ಪುಸ್ತಕ ಹುಡುಕಿಕೊಡುವುದನ್ನೂ ಕಲಿಸಬೇಕು. ತರಬೇತಿಯ ದಿನಗಳಿಗೆ ಪೂರ್ತಿ ಸಂಬಳ, ಪ್ರಯಾಣದ ಖರ್ಚು ಕೊಡಬೇಕು. ವಾರದಲ್ಲಿ ಮೂರು ದಿನವಾದರೂ ರಾತ್ರಿ ಎಂಟೂವರೆಯವರೆಗೆ ಬಾಗಿಲು ತೆರೆದಿರಬೇಕು, ಆ ಹೆಚ್ಚುವರಿ ವೇಳೆಗೆ ಹೆಚ್ಚುವರಿ ಕೂಲಿ ಸಲ್ಲಬೇಕು.

ಎಲ್ಲರ ಕೈಯಲ್ಲೂ ಮೊಬೈಲಿರುವಾಗ ಗ್ರಂಥಾಲಯವೇಕೆ ಎಂದು ಕೇಳುವವರಿದ್ದಾರೆ. ನೋಟೀಸು ಬಂದ ವಾರ ಆ ಮೊಬೈಲಿನಲ್ಲೇ ಬಗೆಬಗೆಯ ಗಾಳಿಸುದ್ದಿ ಹರಿದಾಡಿತ್ತು. ಯಾವುದು ಸರಿ, ಯಾವುದು ಸುಳ್ಳೆಂದು ಎದುರು ಕುಳಿತು ಹೇಳುವ ಮನುಷ್ಯರು ಬೇಕಲ್ಲವೇ?

ಶಿಕಾರಿಪುರ ತಾಲ್ಲೂಕಿನವರಿಗೆ ವಿದ್ಯೆಯ ಹೆಮ್ಮೆ ಹೇಳಿಕೊಡಬೇಕಿಲ್ಲ. ಬಳ್ಳಿಗಾವೆಯ ಕೋಡಿಯ ಮಠವನ್ನು 1162ರ ಶಾಸನ ವೇದ, ವ್ಯಾಕರಣ, ದರ್ಶನಗಳ ವ್ಯಾಸಂಗದ ಸ್ಥಾನವೆಂದೂ, ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ ನೀಡುವ, ರೋಗಿಗೆ ಮದ್ದು ಕೊಡುವ ಸ್ಥಾನವೆಂದೂ ವರ್ಣಿಸುತ್ತದೆ. ಓದು ಕೆಲವರಿಗೆ, ಗಂಜಿ ಉಳಿದವರಿಗೆ ಎಂಬ ಆ ಕಾಲದ ಹಂಚಿಕೆ ಗ್ರಂಥಾಲಯದ ವೇಳಾಪಟ್ಟಿಯಲ್ಲಿ ಇನ್ನೂ ಉಳಿದುಕೊಂಡಂತೆ ಕಾಣುತ್ತದೆ. ನಮ್ಮ ಪಕ್ಷದ ತಪ್ಪೂ ಇದೆ. ರಸ್ತೆಗೆ, ಸಾಗುವಳಿ ಚೀಟಿಗೆ ಎಷ್ಟೋ ಮೆರವಣಿಗೆ ಮಾಡಿದೆವು. ಗ್ರಂಥಾಲಯಕ್ಕಾಗಿ ಒಂದನ್ನೂ ಮಾಡಲಿಲ್ಲ.

ಹಣವಿಲ್ಲವೆಂಬ ಉತ್ತರ ಬರುತ್ತದೆಂದು ಬಲ್ಲೆವು. ಬೆಂಗಳೂರಿನ ಪಾಲಿಕೆ ಜನರಿಂದ ವಸೂಲು ಮಾಡಿದ ಗ್ರಂಥಾಲಯ ಕರದಲ್ಲಿ ನೂರಾರು ಕೋಟಿಯನ್ನು ಇಲಾಖೆಗೆ ದಾಟಿಸದೆ ಬಾಕಿ ಇಟ್ಟುಕೊಂಡದ್ದು ವರ್ಷಾನುವರ್ಷ ಸುದ್ದಿಯಾಗಿದೆ. ನಮ್ಮ ಊರುಗಳ ಲೆಕ್ಕವೇನು? ಕಳೆದ ಐದು ವರ್ಷಗಳಲ್ಲಿ ವಸೂಲಾದ ಗ್ರಂಥಾಲಯ ಕರವೆಷ್ಟು, ಅದರಲ್ಲಿ ಗ್ರಂಥಾಲಯಕ್ಕೆ ಸಂದದ್ದೆಷ್ಟು ಎಂಬ ಎರಡೇ ಪ್ರಶ್ನೆಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಂತೆ, ಹತ್ತು ರೂಪಾಯಿ ಶುಲ್ಕ ಕಟ್ಟಿ, ಎರಡೂ ತಾಲ್ಲೂಕಿನ ಪಟ್ಟಣ ಸಂಸ್ಥೆಗಳಿಗೂ ಗ್ರಾಮ ಪಂಚಾಯಿತಿಗಳಿಗೂ ಈ ವಾರ ಕಳುಹಿಸುತ್ತಿದ್ದೇವೆ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯ ಓದುಗರು ತಮ್ಮ ರಸೀದಿಯ ನಕಲನ್ನು ನಮ್ಮ ಕಚೇರಿಗೆ ತಲುಪಿಸಬೇಕು. ಮುಂದಿನ ಗ್ರಾಮಸಭೆಗೆ ಅದನ್ನೇ ಹಿಡಿದು ಹೋಗಬೇಕು. ಉತ್ತರ ಕೊಡಲು ಕಾನೂನು 30 ದಿನ ಕೊಟ್ಟಿದೆ. ಬಂದ ಉತ್ತರಗಳನ್ನು ಪಂಚಾಯಿತಿಯ ಹೆಸರಿನೊಂದಿಗೆ ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ. ಉತ್ತರ ಬಾರದಿದ್ದರೆ ಹೆಸರು ಮಾತ್ರ ಹಾಕಿ, ಮುಂದಿನ ಜಾಗವನ್ನು ಖಾಲಿ ಬಿಡುತ್ತೇವೆ.